ಡ್ರೈನ್ ಬೋಲ್ಟಿನ ಮ್ಯಾಗ್ನೆಟ್ ಮೇಲೆ ಏನು ಕಂಡರೆ ಹೆದರಬೇಕು? (ವಿಆರ್ ಪಾಠಕ್ಕೆ ಬೇಕಾಗಿದೆ)

ಪಿಕ್ಸೆಲ್ ಪುಟ್ಟಿ | ಶನಿವಾರ, ಬೆಳಗ್ಗೆ 10:12

ಎಲ್ಲರಿಗೂ ನಮಸ್ಕಾರ. ಬೈಕ್ ಓಡಿಸುತ್ತೇನೆ, ಆದರೆ ಬಿಚ್ಚಿ ಗೊತ್ತಿಲ್ಲ. ಬೆಂಗಳೂರಿನಲ್ಲಿ ನಾಲ್ಕು ಜನ ಸೇರಿ ವಿಆರ್ (ವರ್ಚುವಲ್ ರಿಯಾಲಿಟಿ) ಪಾಠಗಳನ್ನು ಮಾಡುತ್ತೇವೆ. ಈಗ ಕೈಗೆತ್ತಿಕೊಂಡಿರುವುದು ಐಟಿಐ ಮಕ್ಕಳಿಗೆ ಟೂ ವೀಲರ್ ಇಂಜಿನ್ ಪಾಠ. ಹುಡುಗರು ತಲೆಗೆ ಹೆಡ್‌ಸೆಟ್ ಹಾಕಿಕೊಳ್ಳುತ್ತಾರೆ. ಕೈಯಲ್ಲಿ ರಿಮೋಟ್ ಇಲ್ಲ, ಏನೂ ಇಲ್ಲ. ಹೆಡ್‌ಸೆಟ್‌ನ ಕ್ಯಾಮೆರಾಗಳೇ ಅವರ ಕೈ ನೋಡುತ್ತವೆ. ಸ್ಪ್ಯಾನರ್ ತಗೊಂಡು ಡ್ರೈನ್ ಬೋಲ್ಟ್ ಬಿಚ್ಚಬೇಕು, ಆಯಿಲ್ ಟ್ರೇಗೆ ಇಳಿಸಬೇಕು, ಬೋಲ್ಟಿನ ತುದಿಯ ಮ್ಯಾಗ್ನೆಟ್‌ಗೆ ಅಂಟಿದ ಲೋಹದ ಚೂರು ನೋಡಿ ಇಂಜಿನ್ ಹೇಗಿದೆ ಅಂತ ಹೇಳಬೇಕು.

ಮೊದಲ ಎರಡು ಹಂತ ಆಗಿದೆ. ಮೂರನೆಯದರಲ್ಲಿ ನಿಂತಿದ್ದೇವೆ. ಮ್ಯಾಗ್ನೆಟ್ ಮೇಲೆ ಏನು ಚಿತ್ರ ಬರೆಯಬೇಕು ಅನ್ನೋದೇ ಗೊತ್ತಿಲ್ಲ. ನೆಟ್‌ನಲ್ಲಿ ಸಿಗುವುದೆಲ್ಲ ಕಾರಿನ ಫೋಟೋಗಳು. ಎಷ್ಟು ಸವೆತ ಸಹಜ, ಎಷ್ಟು ಅಪಾಯ, ಯಾವ ಚೂರು ಯಾವ ಪಾರ್ಟಿನಿಂದ ಬರುತ್ತದೆ, ಇಷ್ಟು ಯಾರಾದರೂ ಹೇಳಿಕೊಡುತ್ತೀರಾ?

ಗ್ರೀಸ್ ಕೈ | ಶನಿವಾರ, ಮಧ್ಯಾಹ್ನ 2:40

ಮೇಡಂ, ದಾವಣಗೆರೆಯಲ್ಲಿ ನಂದು ಗ್ಯಾರೇಜು. ಇಪ್ಪತ್ತೇಳು ವರ್ಷ ಆಯ್ತು. ಊಟದ ಹೊತ್ತಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊದಲನೇ ಮಾತು. ಎಲ್ಲ ಬೈಕಿಗೂ ಡ್ರೈನ್ ಬೋಲ್ಟಿನಲ್ಲಿ ಮ್ಯಾಗ್ನೆಟ್ ಇರಲ್ಲ. ನಾನು ಹಳೇ ಸ್ಪೀಕರಿನ ಮ್ಯಾಗ್ನೆಟ್ ಇಟ್ಟುಕೊಂಡಿದ್ದೇನೆ. ಅದನ್ನು ತೆಳು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಆಯಿಲ್ ಟ್ರೇಯಲ್ಲಿ ಎರಡು ಸುತ್ತು ಆಡಿಸುವುದು. ಮೇಲಕ್ಕೆತ್ತಿ ಪೇಪರಿನ ಮೇಲೆ ಹಿಡಿದು, ಕವರಿನೊಳಗಿಂದ ಮ್ಯಾಗ್ನೆಟ್ ಎಳೆದರೆ ಅಂಟಿದ್ದೆಲ್ಲ ಪೇಪರಿಗೆ ಬೀಳುತ್ತದೆ. ಕವರಿಲ್ಲದೆ ಹಾಗೇ ಅದ್ದಿದರೆ ಆ ಮ್ಯಾಗ್ನೆಟ್ ಒರೆಸೋಕೆ ಅರ್ಧ ದಿನ ಬೇಕು.

ಇನ್ನು ನೋಡುವುದು. ಬೂದು ಬಣ್ಣದ, ಬೆಣ್ಣೆ ಥರದ ಪೇಸ್ಟ್ ಇದ್ದರೆ ಏನೂ ತೊಂದರೆ ಇಲ್ಲ. ಓಡುವ ಇಂಜಿನ್ ಸವೆಯಲೇಬೇಕು. ಹೊಸ ಗಾಡಿಯ ಮೊದಲ ಸರ್ವೀಸಿನಲ್ಲಿ ಆಯಿಲ್ ಮಿನುಗುತ್ತದೆ, ಓನರ್ ಗಾಬರಿಯಾಗಿ ಫೋನ್ ಮಾಡುತ್ತಾರೆ. ಪಿಸ್ಟನ್ನಿನ ರಿಂಗು, ಬೋರು (ಪಿಸ್ಟನ್ ಓಡಾಡುವ ಕೊಳವೆ), ಗೇರು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರಿದ್ದು ಅದು. ಅದಕ್ಕೇ ಅಲ್ವಾ ಮೊದಲ ಸರ್ವೀಸು ಅಷ್ಟು ಬೇಗ ಇರೋದು.

ಸೂಜಿ ಥರ ಸಣ್ಣ ಉದ್ದ ಚೂರು ಬಂದರೆ ಒಂದು ಕಣ್ಣಿಡಬೇಕು. ಅಗಲವಾದ, ಒಂದು ಕಡೆ ಹೊಳೆಯುವ ಇನ್ನೊಂದು ಕಡೆ ಮಂಕಾದ ಚಕ್ಕೆ ಬಂದರೆ ಬೇರಿಂಗೋ ಗೇರಿನ ಹಲ್ಲೋ ಚಕ್ಕೆ ಏಳುತ್ತಿದೆ ಅಂತ ಅರ್ಥ. ಆವಾಗ ಗಾಡಿ ಓಡಿಸಬಾರದು.

ಆದರೆ ಮೇಡಂ, ನಾನು ಕಣ್ಣಿಂದ ನೋಡುವುದು ಆಮೇಲೆ. ಮೊದಲು ಹೆಬ್ಬೆರಳು ತೋರುಬೆರಳ ನಡುವೆ ಒಂದು ತೊಟ್ಟು ಆಯಿಲ್ ಇಟ್ಟು ಉಜ್ಜುತ್ತೇನೆ. ನುಣ್ಣಗೆ ಜಾರಿದರೆ ಸರಿ. ಕರಕರ ಅಂದರೆ ಮ್ಯಾಗ್ನೆಟ್ಟು, ಪೇಪರು ಎಲ್ಲ ಆಮೇಲೆ. ನಿಮ್ಮ ಪಾಠದಲ್ಲಿ ಈ ಕರಕರ ಎಲ್ಲಿಂದ ತರುತ್ತೀರಿ?

ಪಿಕ್ಸೆಲ್ ಪುಟ್ಟಿ | ಶನಿವಾರ, ಸಂಜೆ 4:05

ಅಣ್ಣ, ಸರಿಯಾದ ಜಾಗಕ್ಕೇ ಕೈ ಹಾಕಿದಿರಿ! ತರೋಕೆ ಆಗಲ್ಲ. ಗಾಳಿಯಲ್ಲಿ ಬೆರಳಿಗೆ ಏನೂ ತಾಗುವುದಿಲ್ಲವಲ್ಲ.

ಅದಕ್ಕಿಂತ ತಮಾಷೆ ಹೇಳುತ್ತೇನೆ. ಹೆಬ್ಬೆರಳು ತೋರುಬೆರಳು ಸೇರಿಸಿ ಚಿಟಿಕೆ ಹಿಡಿದರೆ, ಬಹುತೇಕ ಹೆಡ್‌ಸೆಟ್‌ಗಳಿಗೆ ಅದು "ಆಯ್ಕೆ ಮಾಡು" ಅಂತ ಅರ್ಥ. ಕಂಪ್ಯೂಟರಿನಲ್ಲಿ ಮೌಸ್ ಕ್ಲಿಕ್ ಇದ್ದ ಹಾಗೆ. ನಿಮ್ಮ ಪೋಸ್ಟ್ ಓದಿ ಈಗಷ್ಟೇ ಆಯಿಲ್ ಉಜ್ಜುವ ಹಾಗೆ ಬೆರಳಾಡಿಸಿ ನೋಡಿದೆ. ಬೋಲ್ಟ್ ಹಾರಿ ಬಂದು ಕೈಗೆ ಅಂಟಿಕೊಂಡಿತು. ಮತ್ತೆ ಉಜ್ಜಿದೆ, ಮೆನು ತೆರೆದುಕೊಂಡಿತು. ಮೂರನೇ ಸಲ ಆಯಿಲ್ ಟ್ರೇ ಬಂತು.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಕ್ಯಾಮೆರಾದ ಚಿತ್ರದಲ್ಲಿ ಸಾಫ್ಟ್‌ವೇರ್ ಕೈ ಎಲ್ಲಿದೆ ಅಂತ ಹುಡುಕುತ್ತದೆ. ಆಮೇಲೆ ಒಂದೊಂದು ಗೆಣ್ಣು ಎಲ್ಲಿದೆ ಅಂತ ಊಹಿಸುತ್ತದೆ. ಓಪನ್‌ಎಕ್ಸ್‌ಆರ್ ಅನ್ನುವ ಮಾನದಂಡದಲ್ಲಿ ಒಂದು ಕೈಗೆ 26 ಬಿಂದುಗಳು. ಕಾಣುವ ಬೆರಳು ಸರಿ. ಅಂಗೈ ಆ ಕಡೆ ತಿರುಗಿ, ಬೆರಳುಗಳೆಲ್ಲ ಕೈಯ ಹಿಂಭಾಗದ ಮರೆಗೆ ಹೋದರೆ ಉಳಿದದ್ದು ಬರೀ ಅಂದಾಜು. ಒಂದು ಕೈ ಇನ್ನೊಂದಕ್ಕೆ ಅಡ್ಡ ಬಂದರೂ ಅಷ್ಟೇ. ಮೆಕ್ಯಾನಿಕ್ ಕೆಲಸ ಅಂದರೆ ಒಂದು ಕೈಯಲ್ಲಿ ಹಿಡಿ, ಇನ್ನೊಂದರಲ್ಲಿ ತಿರುಗಿಸು. ಅಡ್ಡ ಬರೋದೇ ಕೆಲಸ!

ಹುಬ್ಬಳ್ಳಿ ಗಾಲಿ | ಶನಿವಾರ, ಸಂಜೆ 4:31

ಇಷ್ಟೆಲ್ಲ ಯಾಕ್ರಿ? ಒಂದು ಹಳೇ ಇಂಜಿನ್ ತಂದು ಟೇಬಲ್ ಮೇಲೆ ಇಟ್ಟರೆ ಹುಡುಗರು ತಾವೇ ಬಿಚ್ಚಿ ಕಲಿತಾರ.

ಪಿಕ್ಸೆಲ್ ಪುಟ್ಟಿ | ಶನಿವಾರ, ಸಂಜೆ 4:38

ಇಟ್ಟಿದ್ದಾರೆ ಸರ್. ನಾನು ನೋಡಿದ ಕಡೆ ಒಂದೇ ಇಂಜಿನ್. ಅದನ್ನು ವರ್ಷಗಟ್ಟಲೆ ಬಿಚ್ಚಿ ಜೋಡಿಸಿ, ಬೋಲ್ಟಿನ ಥ್ರೆಡ್ ಎಲ್ಲ ಹೋಗಿದೆ. ಸ್ಟಾರ್ಟ್ ಅಂತೂ ಆಗಲ್ಲ. ಆಯಿಲ್ಲೇ ಇಲ್ಲ ಅಂದಮೇಲೆ ಆಯಿಲಿನಲ್ಲಿ ಲೋಹ ಎಲ್ಲಿಂದ ತೋರಿಸೋದು?

ಮೈಸೂರು ಟೂ ಸ್ಟ್ರೋಕ್ | ಶನಿವಾರ, ರಾತ್ರಿ 8:15

ಮಗಳೇ, ನಿನ್ನ ಪಾಠದಲ್ಲಿ ಒಂದು ವಿಷಯ ಬಿಟ್ಟುಹೋಗಬಾರದು ಅಂತ ಬರೆಯುತ್ತಿದ್ದೇನೆ. ನೀವೆಲ್ಲ ಹೇಳುತ್ತಿರುವುದು ಫೋರ್ ಸ್ಟ್ರೋಕ್ ಕಥೆ. ಅದರಲ್ಲಿ ಒಂದೇ ಆಯಿಲ್ ಪಿಸ್ಟನ್ನಿಗೂ ಹೋಗುತ್ತದೆ, ಗೇರಿಗೂ ಕ್ಲಚ್ಚಿಗೂ ಹೋಗುತ್ತದೆ. ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ನಿಗೆ, ಅದು ತಿರುಗಿಸುವ ಕ್ರ್ಯಾಂಕಿಗೆ ಹೋಗುವ ಎಣ್ಣೆ ಪೆಟ್ರೋಲ್ ಜೊತೆ ಸುಟ್ಟು ಸೈಲೆನ್ಸರ್‌ನಲ್ಲಿ ಹೊಗೆಯಾಗುತ್ತದೆ. ಕೆಳಗೆ ಡ್ರೈನ್ ಮಾಡುವುದು ಬರೀ ಗೇರ್ ಆಯಿಲ್. ಅದು ಶುದ್ಧವಾಗಿದೆ ಅಂತ ಪಿಸ್ಟನ್ ಚೆನ್ನಾಗಿದೆ ಅಂದುಕೊಂಡರೆ ಕೆಟ್ಟೆವು.

ನನ್ನ ಹತ್ತಿರ ಯೆಜ್ಡಿ ಇದೆ, ಇದೇ ಊರಲ್ಲಿ ಹುಟ್ಟಿದ್ದು. ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಗಾಡಿಗಳು ಇನ್ನೂ ಓಡುತ್ತಿವೆ. ಅದರ ಸವೆತ ನೋಡಬೇಕಾದರೆ ಬ್ಲಾಕ್ (ಬೋರು ಇರುವ ಭಾಗ) ಎತ್ತಿ ಪಿಸ್ಟನ್ನಿನ ಸ್ಕರ್ಟ್, ಅಂದರೆ ಕೆಳಗಿನ ಪಕ್ಕ, ನೋಡಬೇಕು. ಒಂದು ಚಳಿಗಾಲದ ಬೆಳಗ್ಗೆ ಸ್ಟಾರ್ಟ್ ಮಾಡಿದವನೇ, ಬಿಸಿಯಾಗಲು ಬಿಡದೆ ಚಾಮುಂಡಿ ಬೆಟ್ಟ ಹತ್ತಿಸಿಬಿಟ್ಟೆ. ಅರ್ಧ ದಾರಿಯಲ್ಲಿ ಜಾಮ್. ಬಿಚ್ಚಿದರೆ ಪಿಸ್ಟನ್ನಿನ ಸುತ್ತ ನಾಲ್ಕು ಕಡೆ ಉದ್ದಕ್ಕೆ ಗೀರು. ಅಲ್ಯೂಮಿನಿಯಂ ಪಿಸ್ಟನ್ ಬೇಗ ಹಿಗ್ಗುತ್ತದೆ, ಅದರ ಸುತ್ತಲಿನ ಎರಕದ ಕಬ್ಬಿಣ ನಿಧಾನ. ನಡುವೆ ಎಣ್ಣೆಗೂ ಜಾಗವಿಲ್ಲದೆ ಲೋಹ ಲೋಹಕ್ಕೇ ಅಂಟಿ ಕಿತ್ತುಕೊಂಡು ಬಂದಿತ್ತು. ಗಾಡಿಯದು ಏನೂ ತಪ್ಪಿಲ್ಲ. ಅವಸರ ನಂದು.

ಒಳ್ಳೇದು ಏನೆಂದರೆ, ಕಬ್ಬಿಣದ ಬೋರು. ಲೇತ್‌ಗೆ ಕೊಟ್ಟು ಬೋರ್ ಹೊಡೆಸಿ ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕಿಸಿದೆ. ಈಗಿನ ಎಷ್ಟೋ ಬೈಕುಗಳ ಬೋರಿಗೆ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಲೇಪ ಇರುತ್ತದೆ. ಸವೆಯುವುದು ಕಡಿಮೆ ನಿಜ, ಆದರೆ ಲೇಪ ಗೀರು ಬಿದ್ದರೆ ಬೋರ್ ಹೊಡೆಸುವ ಮಾತಿಲ್ಲ. ಬ್ಲಾಕ್ ಪಿಸ್ಟನ್ ಎರಡೂ ಹೊಸದು.

ಬೋರ್ ಗೇಜ್ | ಭಾನುವಾರ, ಬೆಳಗ್ಗೆ 7:50

ಒಳ್ಳೆಯ ಚರ್ಚೆ. ನಾನು ಕೆಲವು ವರ್ಷ ಆಯಿಲ್ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದೆ. ಬಸ್ಸು, ಜನರೇಟರು, ಗಣಿಯ ಯಂತ್ರಗಳ ಆಯಿಲ್ ಬರುತ್ತಿತ್ತು. ಬೈಕಿನದು ಬಂದರೆ ಅದು ನಮ್ಮ ಸ್ನೇಹಿತರದ್ದೇ.

ಲ್ಯಾಬಿನ ಸ್ಪೆಕ್ಟ್ರೋಮೀಟರ್‌ನಲ್ಲಿ ಆಯಿಲನ್ನು ವಿಪರೀತ ಬಿಸಿ ಮಾಡಿ, ಹೊಮ್ಮುವ ಬೆಳಕಿನಲ್ಲಿ ಯಾವ ಯಾವ ಲೋಹದ ಗುರುತಿದೆ ಅಂತ ಅಳೆಯುತ್ತಾರೆ. ಕಬ್ಬಿಣ ಅಂದರೆ ಬೋರು, ಕ್ಯಾಮ್ (ವಾಲ್ವ್ ತೆರೆಸುವ ಭಾಗ), ಗೇರು. ಅಲ್ಯೂಮಿನಿಯಂ ಅಂದರೆ ಪಿಸ್ಟನ್, ಕೇಸಿಂಗ್. ಕ್ರೋಮಿಯಂ ಸಾಮಾನ್ಯವಾಗಿ ರಿಂಗಿನದು. ಸಿಲಿಕಾನ್ ಜಾಸ್ತಿ ಬಂದರೆ ನಾನು ಮೊದಲು ಕೇಳುತ್ತಿದ್ದದ್ದು, "ಏರ್ ಫಿಲ್ಟರ್ ಯಾವಾಗ ನೋಡಿದ್ರಿ?" ಮಣ್ಣಿನ ಧೂಳೆಂದರೆ ಸಿಲಿಕಾನೇ. ಬೋರಿಗೂ ರಿಂಗಿಗೂ ನಡುವೆ ಆ ಧೂಳು ಹೋದರೆ ಉಪ್ಪುಕಾಗದ ಹಾಕಿ ತಿಕ್ಕಿದ ಹಾಗೆ.

ಈಗ ಪಾಠಕ್ಕೆ ಬೇಕಾದ ಸಂಗತಿ. ಆ ಯಂತ್ರಕ್ಕೆ ಕಾಣುವುದು ಸುಮಾರು 5ರಿಂದ 10 ಮೈಕ್ರಾನ್‌ವರೆಗಿನ ಕಣ ಮಾತ್ರ. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಬರಿಗಣ್ಣಿಗೆ ಕಾಣಬೇಕಾದರೆ ಕಣ 40-50 ಮೈಕ್ರಾನ್ ಆದರೂ ಇರಬೇಕು. ಅಂದರೆ ಯಂತ್ರಕ್ಕೂ ಕಾಣದ, ಕಣ್ಣಿಗೂ ಕಾಣದ ಒಂದು ನಡುವಿನ ಜಾಗ ಇದೆ. ಬೇರಿಂಗ್ ಹಾಳಾಗಲು ಶುರುವಾದಾಗ ಕಣಗಳು ಬೆಳೆಯುತ್ತಾ ಹೋಗುವುದು ಈ ಜಾಗದಲ್ಲೇ. ಲ್ಯಾಬ್ ರಿಪೋರ್ಟ್ ಚೆನ್ನಾಗಿದೆ ಅಂತ ಖುಷಿಯಾಗಿರುವಾಗಲೇ ಬೇರಿಂಗ್ ಹೋದದ್ದನ್ನು ನಾನು ನೋಡಿದ್ದೇನೆ. ಗ್ರೀಸ್ ಕೈ ಅಣ್ಣನ ಬೆರಳಿಗೆ ಕರಕರ ಅನ್ನಿಸುವುದು ಬಹುಶಃ ಈ ಜಾಗದ ಮೇಲಿನ ಅಂಚು. ಕಣ್ಣಿಗಿಂತ ಸ್ವಲ್ಪ ಮೊದಲೇ ಬೆರಳಿಗೆ ತಿಳಿಯುತ್ತದೆ ಅಂತ ನನ್ನ ಅನಿಸಿಕೆ.

ಇನ್ನೊಂದು. ಕಾರಿನ ಚಾರ್ಟ್ ತಂದು ಬೈಕಿಗೆ ಹಾಕಬೇಡಿ. ಕಾರಿನಲ್ಲಿ ತಾಮ್ರ ಕಂಡರೆ ಬೇರಿಂಗ್ ಶೆಲ್ (ಅರ್ಧ ಬಳೆಯಂಥ ಲೋಹದ ಬೇರಿಂಗ್) ಅನ್ನುತ್ತಾರೆ. ನಮ್ಮ ಸಾಮಾನ್ಯ 100, 125 ಸಿಸಿ ಗಾಡಿಗಳ ಕ್ರ್ಯಾಂಕಿನಲ್ಲಿ ಶೆಲ್ ಇರುವುದಿಲ್ಲ. ಬಾಲ್, ರೋಲರ್ ಬೇರಿಂಗ್. ಅವು ಹೋದರೆ ಬರುವುದು ಉಕ್ಕಿನ ಚಕ್ಕೆ. ಮತ್ತೆ ಬೈಕಿನಲ್ಲಿ ಗೇರ್‌ಬಾಕ್ಸಿಗೂ ಅದೇ ಆಯಿಲ್, ಹಾಗಾಗಿ ಕಾರಿಗಿಂತ ಕಬ್ಬಿಣ ಜಾಸ್ತಿ ಇರುವುದು ಸಹಜ. ಒಂದು ರಿಪೋರ್ಟಿನ ಅಂಕಿಗೆ ಹೆದರಬೇಡಿ. ಹಿಂದಿನ ಸಲಕ್ಕಿಂತ ಎಷ್ಟು ಏರಿದೆ ಅನ್ನೋದು ಮುಖ್ಯ.

ಕೊನೆಗೆ, ಅಣ್ಣ, ಉಜ್ಜಿದ ತಕ್ಷಣ ಕೈ ತೊಳೆಯಿರಿ. ಸುಟ್ಟ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ. ದಿನಾ ಅಂಟಿದರೆ ಕ್ಯಾನ್ಸರ್ ಅಪಾಯವೂ ಇದೆ.

ಗ್ರೀಸ್ ಕೈ | ಭಾನುವಾರ, ಬೆಳಗ್ಗೆ 9:20

ಮನೆಯವರೂ ಅದನ್ನೇ ಹೇಳುತ್ತಾರೆ ಸರ್. ತೆಳು ನೈಟ್ರೈಲ್ ಗ್ಲೌಸ್ ತಂದಿಟ್ಟಿದ್ದೇನೆ, ಅದರ ಮೇಲಿಂದಲೂ ಕರಕರ ಗೊತ್ತಾಗುತ್ತದೆ. ಹಾಕಿಕೊಳ್ಳಲು ಮರೆಯುತ್ತೇನೆ, ಅಷ್ಟೇ.

ಮೇಡಂ, ಸ್ಪ್ಲೆಂಡರ್ ಥರದ ಗಾಡಿಗಳ ಬಗ್ಗೆ ಪಾಠದಲ್ಲಿ ಒಂದು ಸೇರಿಸಿ. ಅವಕ್ಕೆ ಪೇಪರ್ ಆಯಿಲ್ ಫಿಲ್ಟರ್ ಇಲ್ಲ. ಒಂದು ಜಾಲರಿ ಇದೆ, ಅದರ ಜೊತೆ ಬಲಗಡೆ ಕವರ್ ಒಳಗೆ ಕ್ರ್ಯಾಂಕಿನ ತುದಿಯಲ್ಲಿ ತಟ್ಟೆ ಥರ ಒಂದು ರೋಟರ್ ತಿರುಗುತ್ತಾ ಇರುತ್ತದೆ. ಆಯಿಲ್ ಅದರೊಳಗೆ ಹೋದಾಗ ಭಾರದ ಕೊಳೆ, ಲೋಹ ಎಲ್ಲ ಗೋಡೆಗೆ ಎಸೆಯಲ್ಪಟ್ಟು ಅಲ್ಲೇ ಕೂರುತ್ತದೆ. ಮೊಸರು ಕಡೆಯುವಾಗ ಬೆಣ್ಣೆ ಪಾತ್ರೆಯ ಅಂಚಿಗೆ ಹತ್ತುತ್ತದಲ್ಲ, ಹಾಗೆ. ಆಯಿಲ್ ಬದಲಾಯಿಸಿದರೆ ಇದು ಹೋಗಲ್ಲ. ಕವರ್ ಬಿಚ್ಚಿ ಕೆರೆಯಬೇಕು. ಎಷ್ಟೋ ಗಾಡಿ ಹತ್ತು ವರ್ಷ ಆದರೂ ಅದನ್ನು ಬಿಚ್ಚಿರುವುದಿಲ್ಲ. ಮುದ್ದೆ ಪಾತ್ರೆಗೆ ತಳ ಹಿಡಿದ ಹಾಗೆ ಕಪ್ಪಗೆ ಅಂಟಿರುತ್ತದೆ. ಉಗುರಲ್ಲಿ ಕೆರೆದು ಬೆಳಕಿಗೆ ಹಿಡಿದರೆ ಮಿಣಮಿಣ ಅನ್ನುತ್ತದೆ. ಆ ಇಂಜಿನ್ ಹುಟ್ಟಿದಾಗಿನಿಂದ ಸವೆದದ್ದೆಲ್ಲ ಅಲ್ಲಿದೆ.

ಸಾಗರದ ಸವಾರ | ಭಾನುವಾರ, ಮಧ್ಯಾಹ್ನ 12:04

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಈ ಚರ್ಚೆ ಓದಿ ನನ್ನ ಗಾಡಿಯ ಆಯಿಲ್ ಇಳಿಸಿ ನೋಡಿದೆ. 150 ಸಿಸಿ, 38,000 ಕಿ.ಮೀ. ಆಗಿದೆ. ಆಯಿಲ್ ತುಂಬ ಬೆಳ್ಳಿ ಪುಡಿ! ಗಣಪತಿ ಹಬ್ಬದ ಬೇಗಡೆ ಕಲಸಿದ ಹಾಗಿದೆ. ಮ್ಯಾಗ್ನೆಟ್ ಆಡಿಸಿದರೆ ಒಂದು ಚೂರೂ ಅಂಟುತ್ತಿಲ್ಲ. ಅಂದರೆ ಅಲ್ಯೂಮಿನಿಯಂ, ಅಂದರೆ ಪಿಸ್ಟನ್, ಅಂದರೆ ಇಂಜಿನ್ ಕೆಲಸ. ಎದೆ ಡವಡವ ಅಂತಿದೆ.

ಗ್ರೀಸ್ ಕೈ | ಭಾನುವಾರ, ಮಧ್ಯಾಹ್ನ 12:30

ತಡೀರಿ ತಡೀರಿ. ಹೊಗೆ ಬರುತ್ತಾ? ಪಿಸ್ಟನ್ ಕಡೆ ಟಕಟಕ ಸೌಂಡ್ ಇದೆಯಾ? ಘಾಟಿ ಹತ್ತುವಾಗ ರೇಸ್ ಏರಿ ಗಾಡಿ ಮುಂದೆ ಹೋಗದೆ ಇರುತ್ತಾ? ಆಯಿಲ್ ಯಾವುದು ಹಾಕಿದ್ರಿ?

ಸಾಗರದ ಸವಾರ | ಭಾನುವಾರ, ಮಧ್ಯಾಹ್ನ 12:41

ಹೊಗೆ ಇಲ್ಲ. ಸೌಂಡೂ ಇಲ್ಲ. ಘಾಟಿಯಲ್ಲಿ ಮಾತ್ರ ನೀವು ಹೇಳಿದ ಹಾಗೇ ಆಗುತ್ತದೆ, ಮೂರು ತಿಂಗಳಿಂದ. ಆಯಿಲ್... ಭಾವನ ಕಾರಿಗೆ ತಂದಿದ್ದರಲ್ಲಿ ಒಂದು ಲೀಟರ್ ಉಳಿದಿತ್ತು. ಒಳ್ಳೆಯ ದುಬಾರಿ ಸಿಂಥೆಟಿಕ್, ಸುಮ್ನೆ ಯಾಕೆ ಹಾಳು ಮಾಡೋದು ಅಂತ ಹೋದ ಮಳೆಗಾಲದಲ್ಲಿ ಹಾಕಿದೆ.

ಗ್ರೀಸ್ ಕೈ | ಭಾನುವಾರ, ಮಧ್ಯಾಹ್ನ 12:44

ಉಳಿಸಿದ್ದು ಒಂದು ಲೀಟರ್, ಕಳೆದದ್ದು ಒಂದು ಕ್ಲಚ್ ಸೆಟ್!

ಬೋರ್ ಗೇಜ್ | ಭಾನುವಾರ, ಮಧ್ಯಾಹ್ನ 1:15

ಅಣ್ಣ ನಗುತ್ತಿದ್ದಾರೆ, ಆದರೆ ಅವರ ಊಹೆ ಸರಿ ಅನ್ನಿಸುತ್ತದೆ. ನಮ್ಮ ಬೈಕುಗಳ ಕ್ಲಚ್ ಆಯಿಲಿನಲ್ಲೇ ಮುಳುಗಿರುತ್ತದೆ. ಕಾರಿನ ಕೆಲವು ಆಯಿಲ್‌ಗಳಲ್ಲಿ ಮೈಲೇಜಿಗಾಗಿ ಜಾರಿಕೆ ಹೆಚ್ಚಿಸುವ ರಾಸಾಯನಿಕ ಇರುತ್ತದೆ. ಇಂಜಿನ್ನಿಗೆ ಅದು ಸುಖ, ಕ್ಲಚ್ಚಿಗೆ ಶತ್ರು. ಪ್ಲೇಟ್‌ಗಳು ಹಿಡಿಯದೆ ಜಾರುತ್ತವೆ, ಜಾರಿ ಕಾಯುತ್ತವೆ, ಮೇಲಿನ ಫ್ರಿಕ್ಷನ್ ಪದರ ಸವೆದುಹೋಗುತ್ತದೆ. ಆ ಪ್ಲೇಟುಗಳ ಒಳಗಿನ ತಗಡು ಹೆಚ್ಚಾಗಿ ಅಲ್ಯೂಮಿನಿಯಂ. ಪ್ಲೇಟುಗಳು ಕೂರುವ ಕ್ಲಚ್ ಬಾಸ್ಕೆಟ್ಟೂ ಅಲ್ಯೂಮಿನಿಯಂ. ನಿಮ್ಮ ಬೆಳ್ಳಿ ಪುಡಿ ಅಲ್ಲಿಂದ ಬಂದಿರಬಹುದು.

ಬೈಕಿನ ಆಯಿಲ್ ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇರಬೇಕು. ಜಪಾನಿನವರು ಒದ್ದೆ ಕ್ಲಚ್ಚಿಗಾಗಿಯೇ ಮಾಡಿದ ಮಾನದಂಡ ಅದು. ಎಂಬಿ ಅಂತ ಇದ್ದರೆ ಅದು ಒಣ ಕ್ಲಚ್ಚಿನ ಸ್ಕೂಟರಿಗೆ.

ಕವರ್ ಬಿಚ್ಚಿಸಿ ಪ್ಲೇಟ್ ನೋಡದೆ ಬ್ಲಾಕ್ ಎತ್ತಲು ಬಿಡಬೇಡಿ.

ಹೈಟೆಕ್ ಹನುಮ | ಭಾನುವಾರ, ರಾತ್ರಿ 9:10

ಪುಟ್ಟಿ ಮೇಡಂ, ಕ್ಯಾಮೆರಾ ಬಿಡಿ, ಕೈಗೆ ಗ್ಲೌಸ್ ಹಾಕಿಸಿ. ಸೆನ್ಸರ್ ಗ್ಲೌಸ್ ಇದ್ದರೆ ಬೆರಳು ಮರೆಯಾದರೂ ಗೊತ್ತಾಗುತ್ತದೆ. ಇದೇನು ಹೊಸದಲ್ಲ. 1980ರ ದಶಕದಲ್ಲೇ ವಿಪಿಎಲ್ ಕಂಪನಿ ಡೇಟಾಗ್ಲವ್ ಮಾಡಿತ್ತು, ಬೆರಳಿನ ಮೇಲೆ ಆಪ್ಟಿಕಲ್ ಫೈಬರ್ ಹಾಯಿಸಿ ಬಾಗಿದ್ದನ್ನು ಅಳೆಯುತ್ತಿದ್ದರು. 1989ರಲ್ಲಿ ನಿಂಟೆಂಡೋ ಗೇಮಿಗೆ ಪವರ್ ಗ್ಲವ್ ಬಂತು, ಅದು ಅಲ್ಟ್ರಾಸೌಂಡ್. ಕೈಗೆ ಏನೂ ಹಾಕದೆ ಕ್ಯಾಮೆರಾದಲ್ಲಿ ನೋಡುವ ಲೀಪ್ ಮೋಷನ್ ಪೆಟ್ಟಿಗೆ ಜನರ ಕೈಗೆ ಬಂದದ್ದು 2013ರಲ್ಲಿ. ಓಕ್ಯುಲಸ್ ಕ್ವೆಸ್ಟ್ ಹೆಡ್‌ಸೆಟ್ಟಿಗೆ ಕೈ ಗುರುತಿಸೋದು ಬಂದದ್ದು 2019ರ ಡಿಸೆಂಬರಿನಲ್ಲಿ. ಗ್ಲೌಸೇ ಹಳೆ ಹುಲಿ!

ಪಿಕ್ಸೆಲ್ ಪುಟ್ಟಿ | ಭಾನುವಾರ, ರಾತ್ರಿ 10:02

ಹನುಮಣ್ಣ, ಅದನ್ನೂ ಮಾಡಿದ್ದೇವೆ. ಒಂದು ವಾರ ಬಾಡಿಗೆಗೆ ತಂದಿದ್ದೆವು. ಹೆಸರು ಬೇಡ, ಗ್ಲೌಸಿನ ತಪ್ಪೂ ಅಲ್ಲ ಅದು. ಅದರ ಬೆರಳ ತುದಿಯ ಸೆನ್ಸರ್ ಒಂದು ಸಣ್ಣ ಆಯಸ್ಕಾಂತ ಕ್ಷೇತ್ರವನ್ನು ನೋಡಿ ಬೆರಳು ಎಲ್ಲಿದೆ ಅಂತ ಹೇಳುತ್ತದೆ. ನಮ್ಮ ಆಫೀಸಿನ ಮರದ ಟೇಬಲ್ ಹತ್ತಿರ ಬೆಣ್ಣೆಯ ಹಾಗೆ ಓಡಿತು. ಐಟಿಐ ವರ್ಕ್‌ಶಾಪಿಗೆ ಒಯ್ದು ನಿಜವಾದ ಇಂಜಿನ್ ಪಕ್ಕ ನಿಲ್ಲಿಸಿದೆವು. ಕೈಯನ್ನು ಇಂಜಿನ್ ಹತ್ತಿರ ತಂದ ಹಾಗೆ ಪರದೆಯಲ್ಲಿ ಕಿರುಬೆರಳು ಹಿಂದಕ್ಕೆ ಮಡಚಿಕೊಂಡಿತು! ಲೋಹ ಹತ್ತಿರ ಬಂದರೆ ಆ ಕ್ಷೇತ್ರವೇ ತಿರುಚಿಕೊಳ್ಳುತ್ತದೆ. ನೀವು ಹೇಳಿದ ಡೇಟಾಗ್ಲವ್ ಕೂಡ ಕೈ ಎಲ್ಲಿದೆ ಅಂತ ತಿಳಿಯಲು ಆಯಸ್ಕಾಂತದ ಟ್ರ್ಯಾಕರನ್ನೇ ನಂಬಿತ್ತು. ಇಲ್ಲಿ ಅಣ್ಣಂದಿರು ಮ್ಯಾಗ್ನೆಟ್ ಹಿಡಿದು ಲೋಹ ಹುಡುಕುತ್ತಿದ್ದಾರೆ, ನಮ್ಮ ಗ್ಲೌಸಿಗೆ ಅದೇ ಮ್ಯಾಗ್ನೆಟ್ಟೂ ಲೋಹವೂ ಪೀಡೆ.

ಕ್ಯಾಮೆರಾಗೂ ಆ ವರ್ಕ್‌ಶಾಪ್ ಸುಖ ಕೊಡಲಿಲ್ಲ. ಶೀಟಿನ ತೂತಿನಿಂದ ಬಿಸಿಲು ಕೋಲು ಕೋಲಾಗಿ ಬೀಳುತ್ತಿತ್ತು. ಬಿಸಿಲಲ್ಲಿ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕು) ಜಾಸ್ತಿ, ಅದಕ್ಕೆ ಕ್ಯಾಮೆರಾ ಕಕ್ಕಾಬಿಕ್ಕಿ. ಕೈ ಬಿಸಿಲಿಗೆ ಬಂದಾಗೆಲ್ಲ ಮಾಯ. ಕಪ್ಪು ಗ್ಲೌಸ್ ಹಾಕಿದ ಹುಡುಗನಿಗಂತೂ ಕೈಯೇ ಇಲ್ಲ ಅಂದುಬಿಟ್ಟಿತು.

ಈ ಎರಡು ದಿನ ನಿಮ್ಮ ಪೋಸ್ಟ್‌ಗಳನ್ನು ಓದಿ ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಆಯಿಲ್ ಉಜ್ಜುವ ಹಂತವನ್ನು ವಿಆರ್‌ನಿಂದ ತೆಗೆದುಹಾಕುತ್ತೇವೆ. ಆ ಹೊತ್ತಿಗೆ ಹೆಡ್‌ಸೆಟ್ ಬಿಚ್ಚಿಸಿ ನಿಜವಾದ ಆಯಿಲ್ ಕೊಡುವುದು. ಹೆಡ್‌ಸೆಟ್ ಒಳಗೆ, ಗ್ಯಾರೇಜಿನಲ್ಲಿ ಯಾರೂ ನೋಡಲಾಗದ್ದನ್ನು ತೋರಿಸುವುದು. ಓಡುತ್ತಿರುವ ಇಂಜಿನ್ನಿನ ಒಳಗೆ ಕ್ಯಾಮ್ ಹೇಗೆ ತಿರುಗುತ್ತದೆ, ಎಣ್ಣೆಯ ಪದರ ಎಲ್ಲಿ ತೆಳುವಾಗುತ್ತದೆ, ಇಂಥವು. ಆಯಿಲ್ ಸ್ಯಾಂಪಲ್ ಎಲ್ಲಿ ಸಿಗಬಹುದು?

ಗ್ರೀಸ್ ಕೈ | ಸೋಮವಾರ, ಬೆಳಗ್ಗೆ 8:30

ಸ್ಯಾಂಪಲ್ಲಿಗೇನು ಬರ? ನಾನು ಕೊಡುತ್ತೇನೆ. ಮುಂದಿನ ವಾರ ಬೆಂಗಳೂರಿನ ಜೆ.ಸಿ. ರಸ್ತೆಗೆ ಸ್ಪೇರ್ ತರಲು ಬರುವುದಿದೆ. ನಾಲ್ಕು ಬಾಟಲಿ ತರುತ್ತೇನೆ. ಒಂದು ಚೆನ್ನಾಗಿರುವ ಇಂಜಿನ್ನಿಂದು. ಒಂದು ಹೊಸ ಗಾಡಿಯ ಮೊದಲ ಸರ್ವೀಸಿನದು. ಒಂದು ಬೇರಿಂಗ್ ಹೋದದ್ದು. ನಾಲ್ಕನೇದು ಸಾಗರದವರು ಕಳಿಸಿದರೆ ಕ್ಲಚ್ಚಿಂದು!

ಬೋರ್ ಗೇಜ್ | ಸೋಮವಾರ, ಬೆಳಗ್ಗೆ 9:05

ಕ್ಯಾಮ್ ತೋರಿಸುವುದಾದರೆ ನಿಧಾನ ಮಾಡಿ ತೋರಿಸಿ. ಇಂಜಿನ್ 6000 ಆರ್‌ಪಿಎಂನಲ್ಲಿದ್ದರೆ ಕ್ಯಾಮ್ ಅದರ ಅರ್ಧ, ಅಂದರೆ ಸೆಕೆಂಡಿಗೆ 50 ಸುತ್ತು. ಕ್ಯಾಮಿನ ಮೂತಿ ವಾಲ್ವ್ ಒತ್ತುವ ರಾಕರ್ ಮೇಲೆ ಹಾಯುವಾಗ ನಡುವಿನ ಎಣ್ಣೆ ಒಂದು ಮೈಕ್ರಾನ್ನಿಗಿಂತ ತೆಳು. ಅಲ್ಲಿ ಲೋಹ ಲೋಹಕ್ಕೆ ತಾಗದಂತೆ ಕಾಯುವುದು ಎಣ್ಣೆಗಿಂತ ಅದರಲ್ಲಿ ಬೆರೆಸಿದ ಸತು-ರಂಜಕದ ಸಂಯುಕ್ತ. ಶಾಖಕ್ಕೆ ಅದು ಲೋಹದ ಮೇಲೆ ಗಾಜಿನಂಥ ತೆಳು ಪೊರೆ ಕಟ್ಟುತ್ತದೆ. ತಿಕ್ಕಾಟದಲ್ಲಿ ಪೊರೆ ಸವೆಯುತ್ತದೆ, ಮತ್ತೆ ಕಟ್ಟುತ್ತದೆ. ಇದನ್ನು ನೀವು ತೋರಿಸಿದರೆ ನಾನೇ ಬಂದು ಹೆಡ್‌ಸೆಟ್ ಹಾಕಿಕೊಳ್ಳುತ್ತೇನೆ. ಇಷ್ಟು ವರ್ಷ ರಿಪೋರ್ಟಿನಲ್ಲಿ ಅಂಕಿಯಾಗಿ ನೋಡಿದ್ದೇ ಹೊರತು ಕಣ್ಣಲ್ಲಿ ಕಂಡಿಲ್ಲ.

ಸಾಗರದ ಸವಾರ | ಬುಧವಾರ, ಸಂಜೆ 6:20

ಕವರ್ ಬಿಚ್ಚಿಸಿದೆ. ಐದು ಫ್ರಿಕ್ಷನ್ ಪ್ಲೇಟಿನಲ್ಲಿ ಎರಡರ ಪದರ ಪೂರ್ತಿ ಹೋಗಿ ಬಿಳಿ ಅಲ್ಯೂಮಿನಿಯಂ ಕಾಣುತ್ತಿತ್ತು. ಉಕ್ಕಿನ ಪ್ಲೇಟುಗಳು ಕಾದು ನವಿಲುಗರಿ ಬಣ್ಣಕ್ಕೆ ತಿರುಗಿದ್ದವು. ಬಾಸ್ಕೆಟ್ಟಿನ ಬೆರಳುಗಳ ಮೇಲೆ ಹಲ್ಲಿನ ಗುರುತು. ಪಿಸ್ಟನ್ ಮುಟ್ಟುವುದು ಬೇಡ ಅಂದರು ಮೆಕ್ಯಾನಿಕ್. ಊರಿನ ಇನ್ನೊಂದು ಗ್ಯಾರೇಜಿನವರು ಬಿಚ್ಚದೆಯೇ "ಫುಲ್ ಇಂಜಿನ್ ಮಾಡಬೇಕು" ಅಂದಿದ್ದರು. ನಿಮ್ಮೆಲ್ಲರಿಗೂ ಸಾಗರಕ್ಕೆ ಬಂದರೆ ಮನೆಯಲ್ಲಿ ಊಟ ಇದೆ. ಆಯಿಲ್ ಬಾಟಲಿ ದಾವಣಗೆರೆ ಬಸ್ಸಿಗೆ ಹಾಕಿದ್ದೇನೆ.

ಪಿಕ್ಸೆಲ್ ಪುಟ್ಟಿ | ಮುಂದಿನ ಮಂಗಳವಾರ, ರಾತ್ರಿ 9:40

ಗ್ರೀಸ್ ಕೈ ಅಣ್ಣ ಇವತ್ತು ಆಫೀಸಿಗೆ ಬಂದಿದ್ದರು. ನಾಲ್ಕು ಬಾಟಲಿ, ಜೊತೆಗೆ ಒಂದು ಪೊಟ್ಟಣ ಬೆಣ್ಣೆ ಬಿಸ್ಕೆಟ್. ನಮ್ಮ ತಂಡದ ನಾಲ್ಕೂ ಜನ ಕಣ್ಣು ಮುಚ್ಚಿ ಆಯಿಲ್ ಉಜ್ಜಿದೆವು. ಬೇರಿಂಗ್ ಹೋದದ್ದು ಮೊದಲ ಸಲಕ್ಕೇ ಎಲ್ಲರಿಗೂ ಗೊತ್ತಾಯಿತು. ಮೊದಲ ಸರ್ವೀಸಿನದಕ್ಕೂ ಕ್ಲಚ್ಚಿನದಕ್ಕೂ ವ್ಯತ್ಯಾಸ ನನಗೆ ಈಗಲೂ ಹೊಳೆಯುತ್ತಿಲ್ಲ. ನಾವು ಮೂರು ಸಲ ಅದಲುಬದಲು ಮಾಡಿ ಕೊಟ್ಟರೂ ಅಣ್ಣ ಮೂರು ಸಲವೂ ಸರಿ ಹೇಳಿದರು.

ಆಮೇಲೆ ಅವರಿಗೆ ಹೆಡ್‌ಸೆಟ್ ಹಾಕಿದೆವು. ಉಳಿದದ್ದನ್ನು ಅವರೇ ಹೇಳಲಿ.

ಗ್ರೀಸ್ ಕೈ | ಮಂಗಳವಾರ, ರಾತ್ರಿ 11:15

ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ನನ್ನ ಎಡಗೈ ತೋರುಬೆರಳಿನ ತುದಿ ಇಲ್ಲ. ಕೆಲಸ ಕಲಿಯುವಾಗ ಚೈನ್ ಒರೆಸಲು ಹೋಗಿ ಸ್ಪ್ರಾಕೆಟ್ಟಿಗೆ ಕೊಟ್ಟದ್ದು. ಮೇಲಿನ ಗೆಣ್ಣು ಪೂರ್ತಿ ಹೋಯಿತು. ಅದನ್ನು ಯಾರಿಗೂ ಹೇಳಿರಲಿಲ್ಲ, ಹೇಳುವಂಥದ್ದೂ ಅಲ್ಲ.

ಹೆಡ್‌ಸೆಟ್ ಹಾಕಿಕೊಂಡು ಎರಡೂ ಕೈ ಎತ್ತಿ ನೋಡಿದರೆ ಎಡಗೈಯಲ್ಲಿ ಐದೂ ಬೆರಳು ಪೂರ್ತಿ! ಉಗುರು ಸಮೇತ. ಮಡಚಿದರೆ ಅದೂ ಮಡಚುತ್ತದೆ. ಸ್ಪ್ಯಾನರ್ ಹಿಡಿ ಅಣ್ಣ ಅಂತ ಹುಡುಗರು ಹೇಳುತ್ತಿದ್ದರು, ನಾನು ಆ ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಬಲಗೈಯಿಂದ ಮುಟ್ಟಲು ಹೋದೆ, ಎರಡೂ ಕೈ ಮಾಯವಾಯಿತು.

ಪಿಕ್ಸೆಲ್ ಪುಟ್ಟಿ | ಬುಧವಾರ, ಬೆಳಗ್ಗೆ 7:30

ಅಣ್ಣ, ಸಾಫ್ಟ್‌ವೇರಿಗೆ ಗೊತ್ತಿರುವುದು ಐದು ಪೂರ್ತಿ ಬೆರಳಿರುವ ಕೈ ಒಂದೇ. ಕಂಡದ್ದನ್ನು ಆ ಅಚ್ಚಿಗೆ ಹೊಂದಿಸುತ್ತದೆ, ಕಾಣದ್ದನ್ನು ತಾನೇ ತುಂಬುತ್ತದೆ. ನಿನ್ನೆ ಹೇಳಲು ಬಾಯಿ ಬರಲಿಲ್ಲ. ನೀವು ಬಳಸುವಾಗ ಆ ಗೆಣ್ಣನ್ನು ತೋರಿಸದೆ ಇರುವ ಹಾಗೆ ಮಾಡಬಹುದು. ಮಾಡಲಾ?

ಗ್ರೀಸ್ ಕೈ | ಬುಧವಾರ, ಬೆಳಗ್ಗೆ 8:10

ಇರಲಿ ಬಿಡಮ್ಮ. ನೋಡೋಕೆ ಚೆನ್ನಾಗಿತ್ತು. ಉಜ್ಜೋದು ಹೇಗೂ ಬಲಗೈಯಲ್ಲಿ.

ಸಾಗರದ ಸವಾರ | ಬುಧವಾರ, ಬೆಳಗ್ಗೆ 8:25

ಅಣ್ಣ, ಒಂದು ಸಣ್ಣ ಅನುಮಾನ. ಹೊಸ ಕ್ಲಚ್, ಎಂಎ2 ಆಯಿಲ್ ಎಲ್ಲ ಹಾಕಿಸಿದೆ, ಘಾಟಿ ಆರಾಮಾಗಿ ಹತ್ತುತ್ತಿದೆ. ಆದರೆ ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಗಾಡಿ ಕೆಳಗೆ ನಾಲ್ಕಾಣೆ ಅಗಲ ಎಣ್ಣೆ ಕಲೆ.

ಗ್ರೀಸ್ ಕೈ | ಬುಧವಾರ, ಬೆಳಗ್ಗೆ 8:27

ಡ್ರೈನ್ ಬೋಲ್ಟಿನ ವಾಷರ್ ಹೊಸದು ಹಾಕಿದ್ರಾ?

ಸಾಗರದ ಸವಾರ | ಬುಧವಾರ, ಬೆಳಗ್ಗೆ 8:31

ಹಳೇದೇ. ಚೆನ್ನಾಗಿತ್ತಲ್ಲ ಅಂತ...

ಗ್ರೀಸ್ ಕೈ | ಬುಧವಾರ, ಬೆಳಗ್ಗೆ 8:32

ಮತ್ತೆ ಶುರು ಮಾಡಿದ್ರಾ ಉಳಿತಾಯ! ಹೊಸ ವಾಷರ್ ಹಾಕಿಸಿ. ಸೋರುತ್ತಿದೆ ಅಂತ ಬೋಲ್ಟ್ ಮಾತ್ರ ಜಾಸ್ತಿ ಬಿಗಿಯಬೇಡಿ, ಅಲ್ಯೂಮಿನಿಯಂ ಥ್ರೆಡ್ಡು.